ಆನ್ ಮಾಡಿದರೆ ಬರೀ ಸಿ:\> ಬರುತ್ತಿದೆ. ಅಡಿಕೆ ವಖಾರಿಯ ಹಳೆಯ 486 ಕಂಪ್ಯೂಟರಿನಲ್ಲಿ ಲೆಕ್ಕದ ಪ್ರೋಗ್ರಾಂ ಶುರು ಮಾಡುವುದು ಹೇಗೆ?

ಶಿರಸಿ_ವಖಾರಿ
ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಮ್ಮ ಚಿಕ್ಕಪ್ಪನ ಅಡಿಕೆ ದಲಾಲಿ ವಖಾರಿ ಇದೆ. ಈಗಿನ ಬಿಲ್ಲು, ಜಿಎಸ್‌ಟಿ ಎಲ್ಲ ಹೊಸ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆದರೆ ಹಳೆಯ ವರ್ಷಗಳ ರೈತರ ಖಾತೆ ಪೂರ್ತಿ ಒಂದು 486 ಡಬ್ಬಿಯಲ್ಲಿದೆ. ಕಮಾಂಡ್ ಟೈಪ್ ಮಾಡಿ ನಡೆಸುವ ಹಳೆಯ ಆಪರೇಟಿಂಗ್ ಸಿಸ್ಟಂ ಡಾಸ್ 6.22, ದತ್ತಾಂಶ ಇಡುವ ಸಾಫ್ಟ್‌ವೇರ್ ಆದ ಫಾಕ್ಸ್‌ಪ್ರೊದಲ್ಲಿ ಬರೆಸಿದ ಪ್ರೋಗ್ರಾಂ. ಒಬ್ಬ ರೈತರ ಮನೆಯವರು ಆಸ್ತಿ ಪಾಲಿನ ವಿಚಾರಕ್ಕೆ 1997-98ನೇ ಸಾಲಿನ ತಮ್ಮ ಖಾತೆಯ ಪಟ್ಟಿ ಬೇಕು ಅಂತ ಕೇಳಿದ್ದಾರೆ. ಕೊಡಲೇಬೇಕು, ಅವರ ತಂದೆ ವಖಾರಿ ಶುರುವಾದಾಗಿನಿಂದ ನಮ್ಮಲ್ಲಿಗೇ ಅಡಿಕೆ ಹಾಕಿದವರು.

ಮೊದಲೆಲ್ಲ ಆನ್ ಮಾಡಿದ ಕೂಡಲೇ 1ರಿಂದ 5ರವರೆಗೆ ಪಟ್ಟಿ ಕಾಣುತ್ತಿತ್ತು: 1 ಒತ್ತಿದರೆ ಖಾತೆ, 2 ಒತ್ತಿದರೆ ದಿನದ ಟೆಂಡರ್ ದರ, ಹೀಗೆ. ಈಗ ದಿನಾಂಕ ಕೇಳುತ್ತದೆ, ಸಮಯ ಕೇಳುತ್ತದೆ, ಆಮೇಲೆ ಬರೀ ಸಿ:\> ಬಂದು ನಿಲ್ಲುತ್ತದೆ. 1 ಒತ್ತಿ ಎಂಟರ್ ಕೊಟ್ಟರೆ ‘ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್’. ಪ್ರೋಗ್ರಾಂ ಬರೆದವರು ಈಗ ಬದುಕಿಲ್ಲ. ನಾನು ಡಾಸ್ ಕಲಿತವನಲ್ಲ. ದಯವಿಟ್ಟು ಹಂತಹಂತವಾಗಿ ಹೇಳಿ.

ಬ್ಯಾಚ್_ಫೈಲ್
ಧೈರ್ಯವಾಗಿರಿ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಡಾಸ್ ಶುರುವಾಗುವಾಗ ಸಿ ಡ್ರೈವಿನ ಮೂಲ ಡೈರೆಕ್ಟರಿಯಲ್ಲಿ (ಈಗಿನ ಮಾತಿನಲ್ಲಿ ಫೋಲ್ಡರ್) ಆಟೋಎಕ್ಸೆಕ್.ಬ್ಯಾಟ್ ಎಂಬ ಫೈಲನ್ನು ಹುಡುಕುತ್ತದೆ. ಸಿಕ್ಕರೆ ಅದರಲ್ಲಿರುವ ಸಾಲುಗಳನ್ನು ಒಂದೊಂದಾಗಿ ನಡೆಸುತ್ತದೆ. ಸಿಗದಿದ್ದರೆ ಮಾತ್ರ ದಿನಾಂಕ, ಸಮಯ ಕೇಳುತ್ತದೆ. ನಿಮ್ಮದು ದಿನಾಂಕ ಕೇಳುತ್ತಿದೆ ಅಂದರೆ ಆ ಫೈಲ್ ಅಳಿಸಿಹೋಗಿದೆ, ಇಲ್ಲವೇ ಯಾರೋ ಹೆಸರು ಬದಲಾಯಿಸಿದ್ದಾರೆ. ನಿಮ್ಮ ಪ್ರೋಗ್ರಾಂ ಮತ್ತು ಲೆಕ್ಕ ಎಲ್ಲಿಗೂ ಹೋಗಿರಲಿಕ್ಕಿಲ್ಲ.

ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ನೀವು ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ. ದೊಡ್ಡಕ್ಷರ, ಸಣ್ಣಕ್ಷರ ಯಾವುದಾದರೂ ಆಗುತ್ತದೆ. ಖಾಲಿ ಜಾಗ ಮತ್ತು ಚುಕ್ಕೆ ಮಾತ್ರ ತಪ್ಪಬಾರದು. ಈಗ ಇವಿಷ್ಟು ನೋಡಿ ಹೇಳಿ:

ಸಿ:\>ಪಾತ್
ಸಿ:\>ಡಿಐಆರ್ ಆಟೋಎಕ್ಸೆಕ್.*
ಸಿ:\>ಡಿಐಆರ್ \*.ಬ್ಯಾಟ್ /ಎಸ್ /ಪಿ

ಮೂರನೆಯದರಲ್ಲಿ ಎಸ್ ಹಾಕಿದರೆ ಒಳಗಿನ ಎಲ್ಲ ಡೈರೆಕ್ಟರಿಗಳನ್ನೂ ಜಾಲಾಡುತ್ತದೆ, ಪಿ ಹಾಕಿದರೆ ಪರದೆ ತುಂಬಿದಾಗೆಲ್ಲ ನಿಂತು ಕಾಯುತ್ತದೆ. ಇವು ಮೂರೂ ನೋಡುವ ಕಮಾಂಡುಗಳು, ಏನನ್ನೂ ಬದಲಾಯಿಸುವುದಿಲ್ಲ.

ಧಾರವಾಡ_ಮಾಸ್ತರ
ತಮ್ಮಾ, ಒಂದು ಮಾತು ಕೇಳು. ದಿನಾಂಕ ಕೇಳಿದಾಗ ಸುಮ್ಮನ ಎಂಟರ್ ಹೊಡೀಬ್ಯಾಡ. ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದರ ಅದು 1-1-1980 ಅಂತ ತೋರಿಸ್ತದ, ಯಾಕಂದ್ರ ಡಾಸ್‌ನ ಕಾಲಮಾನ ಶುರುವಾಗೋದೇ 1980ರಿಂದ. ಹಂಗೇ ಬಿಟ್ಟು ಖಾತೆ ತೆಗದು ಏನರ ಸೇವ್ ಆತಂದ್ರ ಅದಕ್ಕ 1980ರ ತಾರೀಖು ಬೀಳ್ತದ. ಇನ್ನೊಂದು, ಬೇರೆ ಸೂಚನೆ ಕೊಡದಿದ್ದರ ಡಾಸ್‌ಗೆ ಅಮೆರಿಕದ ಪದ್ಧತಿ: ಮೊದಲು ತಿಂಗಳು, ಆಮೇಲೆ ದಿನ. ನಮ್ಮ ಲ್ಯಾಬಿನಾಗ ಹುಡುಗರು 15-8 ಅಂತ ಹೊಡದು ‘ಇನ್‌ವ್ಯಾಲಿಡ್ ಡೇಟ್’ ಬಂತು ಅಂತ ಓಡಿ ಬರ್ತಿದ್ರು. 8-15 ಅಂತ ಹೊಡೀಬೇಕು. ವರ್ಷ ನಾಲ್ಕು ಅಂಕಿ ಪೂರ್ತಿ ಹೊಡಿ.

ಶಿರಸಿ_ವಖಾರಿ
ಮಾಸ್ತರೇ, ನೀವು ಹೇಳಿದ್ದು ಸರಿ, 1980 ಅಂತಲೇ ಇತ್ತು. ತಿದ್ದಿದೆ.

ಬ್ಯಾಚ್_ಫೈಲ್ ಅವರೇ, ಪಾತ್ ಅಂದರೆ ‘ನೋ ಪಾತ್’ ಅಂತ ಬಂತು. ಎರಡನೆಯದಕ್ಕೆ ಆಟೋಎಕ್ಸೆಕ್.ಓಎಲ್‌ಡಿ ಅಂತ ಒಂದೇ ಫೈಲ್ ಸಿಕ್ಕಿತು. ಮೂರನೆಯದರಲ್ಲಿ ಸಿ:\ಮೆನು ಒಳಗೆ ಮೆನು.ಬ್ಯಾಟ್, 1.ಬ್ಯಾಟ್, 2.ಬ್ಯಾಟ್, ಹೀಗೆ 5.ಬ್ಯಾಟ್‌ವರೆಗೆ ಇವೆ. ಫೈಲ್ ಹೆಸರು ಬರೀ ಅಂಕಿ ಇರಬಹುದಾ?

ಬ್ಯಾಚ್_ಫೈಲ್
ಇರಬಹುದು, ನಿಮ್ಮ ಮೆನುವಿನ ಕೆಲಸ ನಡೆಯುತ್ತಿದ್ದದ್ದೇ ಅದರಿಂದ. ಪರದೆಯಲ್ಲಿ ಕಾಣುತ್ತಿದ್ದ ಪಟ್ಟಿ ಬರೀ ಅಕ್ಷರ, ಅದರ ಕೆಳಗೆ ಇದ್ದದ್ದು ಇದೇ ಪ್ರಾಂಪ್ಟ್, ಅಂದರೆ ಕಮಾಂಡಿಗಾಗಿ ಕಾಯುವ ಗುರುತು. ನೀವು 1 ಒತ್ತಿದಾಗ ಡಾಸ್ 1.ಬ್ಯಾಟ್ ಎಂಬ ಫೈಲನ್ನು ನಡೆಸುತ್ತಿತ್ತು. ಆ ಕಾಲದ ಎಷ್ಟೋ ಆಫೀಸುಗಳಲ್ಲಿ ಹೀಗೇ ಮಾಡಿಕೊಟ್ಟಿರುತ್ತಿದ್ದರು. ಬೇರೆ ಯಾವ ಸಾಫ್ಟ್‌ವೇರೂ ಬೇಡ, ಕಂಪ್ಯೂಟರ್ ಬಾರದ ಗುಮಾಸ್ತರೂ ಮೊದಲ ದಿನದಿಂದಲೇ ಬಳಸಬಹುದಿತ್ತು. ನನಗೆ ಇದನ್ನು ಬರೆದವರ ಮೇಲೆ ಬಹಳ ಗೌರವ.

ಈಗ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದೊಂದು ಅರ್ಥವಾದರೆ ಯಾವ ಡಾಸ್ ಯಂತ್ರದಲ್ಲಿ ಕೂತರೂ ನಿಮಗೆ ಬೇಕಾದ ಪ್ರೋಗ್ರಾಂ ಓಡಿಸಬಲ್ಲಿರಿ.

ಪ್ರಾಂಪ್ಟಿನಲ್ಲಿ ನೀವು ಒಂದು ಹೆಸರು ಟೈಪ್ ಮಾಡಿ ಎಂಟರ್ ಒತ್ತಿದಾಗ ಅದನ್ನು ಓದುವುದು ಕಮಾಂಡ್.ಕಾಮ್ ಎಂಬ ಪ್ರೋಗ್ರಾಂ. ಅದು ಮೊದಲು ಇದು ತನ್ನೊಳಗೇ ಇರುವ ಕಮಾಂಡಾ ಅಂತ ನೋಡುತ್ತದೆ. ಡಿಐಆರ್, ಸಿಡಿ, ಕಾಪಿ, ಟೈಪ್, ಆರ್‌ಇಎನ್ ಇವೆಲ್ಲ ಅದರೊಳಗಿನವು. ಪಾತ್ ಇಲ್ಲದಿದ್ದರೂ ನಿಮಗೆ ಡಿಐಆರ್ ನಡೆದದ್ದು ಅದಕ್ಕೇ. ಒಳಗಿನದ್ದಲ್ಲದಿದ್ದರೆ, ನೀವು ಈಗ ನಿಂತಿರುವ ಡೈರೆಕ್ಟರಿಯಲ್ಲಿ ಆ ಹೆಸರಿನ .ಕಾಮ್ ಫೈಲ್ ಇದೆಯಾ ನೋಡುತ್ತದೆ, ಆಮೇಲೆ .ಇಎಕ್ಸ್‌ಇ, ಆಮೇಲೆ .ಬ್ಯಾಟ್. ಮೂರೂ ಇಲ್ಲದಿದ್ದರೆ ಪಾತ್‌ನಲ್ಲಿ ಬರೆದ ಡೈರೆಕ್ಟರಿಗಳಿಗೆ ಒಂದಾದ ಮೇಲೊಂದರಂತೆ ಹೋಗಿ ಇದೇ ಕ್ರಮದಲ್ಲಿ ಹುಡುಕುತ್ತದೆ. ಎಲ್ಲೂ ಸಿಗದಿದ್ದಾಗ ಮಾತ್ರ ‘ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್’.

ನಿಮ್ಮದು ಸಿ:\ ಮೂಲದಲ್ಲಿ ನಿಂತಿತ್ತು, 1.ಬ್ಯಾಟ್ ಇರುವುದು ಸಿ:\ಮೆನು ಒಳಗೆ, ಪಾತ್ ಖಾಲಿ. ಸಿಗುವುದಾದರೂ ಹೇಗೆ? ಈಗ ಆ ಹಳೆಯ ಫೈಲ್ ಓದೋಣ:

ಸಿ:\>ಟೈಪ್ ಆಟೋಎಕ್ಸೆಕ್.ಓಎಲ್‌ಡಿ
ಸಿ:\>ಟೈಪ್ \ಮೆನು\1.ಬ್ಯಾಟ್

ಏನು ಬಂತೋ ಹಾಗೇ ಇಲ್ಲಿ ಹಾಕಿ.

ಶಿರಸಿ_ವಖಾರಿ
ಮೊದಲನೆಯದು:

@ಎಕೋ ಆಫ್
ಪ್ರಾಂಪ್ಟ್ $ಪಿ$ಜಿ
ಪಾತ್ ಸಿ:\ಡಾಸ್;ಸಿ:\ಫಾಕ್ಸ್;ಸಿ:\ಮೆನು
ಸಿಡಿ \ಮೆನು
ಮೆನು

ಎರಡನೆಯದು:

@ಎಕೋ ಆಫ್
ಸಿಡಿ \ಅಡಿಕೆ
ಫಾಕ್ಸ್‌ಪ್ರೊ ಖಾತೆ
ಸಿಡಿ \ಮೆನು
ಮೆನು

ಕರಾವಳಿ_ಹಾರ್ಡ್‌ವೇರ್
ಮುಂದಿನ ಕಮಾಂಡ್ ಹೊಡೆಯುವ ಮೊದಲು ನನ್ನದೊಂದು ಕೋರಿಕೆ. ಯಂತ್ರವನ್ನು ಆಫ್ ಮಾಡಿ, ಹಾರ್ಡ್‌ಡಿಸ್ಕ್ ಬಿಚ್ಚಿ, ಮೊದಲು ಅದರ ಪೂರ್ತಿ ಪ್ರತಿ ತೆಗೆದುಕೊಳ್ಳಿ. 40 ಪಿನ್ನಿನ ಐಡಿಇ ಡಿಸ್ಕ್ ಆಗಿದ್ದರೆ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ. ಫೈಲ್ ಎಳೆದು ಹಾಕುವುದಲ್ಲ, ಇಡೀ ಡಿಸ್ಕಿನ ಇಮೇಜ್ (ಇದ್ದದ್ದು ಇದ್ದ ಹಾಗೆ ಒಂದೇ ಫೈಲಾಗಿ ಪ್ರತಿ) ತೆಗೆಯಬೇಕು. ಇಷ್ಟು ಹಳೆಯ ಡಿಸ್ಕ್ ಪ್ರತಿ ಸಲ ತಿರುಗುವುದೂ ಒಂದು ಅದೃಷ್ಟ ಅಂತಲೇ ತಿಳಿಯಿರಿ.

ಡಿಸ್ಕ್ ಬಿಚ್ಚುವ ಮೊದಲು ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಸೆಟಪ್ಪಿಗೆ ಹೋಗಿ ಡಿಸ್ಕಿನ ಅಳತೆಯಾದ ಸಿಲಿಂಡರ್, ಹೆಡ್, ಸೆಕ್ಟರ್ ಅಂಕಿಗಳನ್ನು ಕಾಗದದಲ್ಲಿ ಬರೆದಿಡಿ. ಹಳೆಯ ಬಯಾಸ್‌ಗಳು ಡಿಸ್ಕನ್ನು ತಾವಾಗಿ ಗುರುತಿಸುವುದಿಲ್ಲ. ಬ್ಯಾಟರಿ ಪೂರ್ತಿ ಹೋಗಿ ಆ ಅಂಕಿಗಳು ಅಳಿಸಿದರೆ ಡಿಸ್ಕ್ ಸರಿ ಇದ್ದರೂ ಯಂತ್ರಕ್ಕೆ ಕಾಣುವುದಿಲ್ಲ. ಮತ್ತೆ, 486 ಬೋರ್ಡುಗಳಲ್ಲಿ ಎಷ್ಟೋ ಸಲ ಬೋರ್ಡಿಗೇ ಬೆಸುಗೆ ಹಾಕಿದ ಉರುಟು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹಸಿರು ಪಾಚಿ ಥರ ಕಂಡರೆ ತಡಮಾಡದೆ ತೆಗೆಸಿ.

ಹೊರನಾಡಿನ_ಕನ್ನಡಿಗ
ಕರಾವಳಿಯವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಇಮೇಜ್ ತೆಗೆದ ಮೇಲೆ ಆ 486ರ ಸಹವಾಸವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದಿಲ್ಲ ನಿಜ, ಆದರೆ ಹೊಸ ಕಂಪ್ಯೂಟರಿನಲ್ಲಿ ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್ ಹಾಕಿಕೊಂಡರೆ ಓಡುತ್ತದೆ. ಪಿಯುಸಿ, ಇಂಜಿನಿಯರಿಂಗ್ ಲ್ಯಾಬುಗಳಲ್ಲಿ ಟರ್ಬೊ ಸಿ ಓಡಿಸಲು ಇದನ್ನೇ ಬಳಸಿದವರು ಇಲ್ಲಿ ಬಹಳ ಜನ ಇರಬಹುದು. ಅಡಿಕೆ, ಫಾಕ್ಸ್, ಮೆನು ಈ ಮೂರು ಡೈರೆಕ್ಟರಿಗಳನ್ನು ಒಂದು ಫೋಲ್ಡರಿಗೆ ಹಾಕಿ, ಮೌಂಟ್ ಕಮಾಂಡಿನಿಂದ ಅದನ್ನೇ ಸಿ ಡ್ರೈವ್ ಎಂದು ತೋರಿಸಿ, ಸಿ: ಎಂದು ಕೊಟ್ಟು ಆ ಡ್ರೈವಿಗೆ ಹೋಗಿ. ಮೇಲೆ ಹಾಕಿದ ಆಟೋಎಕ್ಸೆಕ್ ಸಾಲುಗಳನ್ನು ಡಾಸ್‌ಬಾಕ್ಸ್ ಕಾನ್ಫಿಗರೇಷನ್ ಫೈಲಿನ ಕೊನೆಯ ಭಾಗದಲ್ಲಿ ಬರೆದರೆ ಅದೇ 1ರಿಂದ 5ರ ಪಟ್ಟಿ ನಿಮ್ಮ ಲ್ಯಾಪ್‌ಟಾಪಿನಲ್ಲೇ ಬರುತ್ತದೆ.

ಲೆಕ್ಕದ_ಮೇಡಂ
ಡಾಸ್‌ಬಾಕ್ಸ್ ಹೆಸರು ಬಂದದ್ದಕ್ಕೆ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಅದು ಮುಖ್ಯವಾಗಿ ಆಟಗಳಿಗಾಗಿ ಮಾಡಿದ್ದು. ಹಳೆಯ ಖಾತೆ ನೋಡುವುದಕ್ಕೆ, ಪಟ್ಟಿ ತೆಗೆಯುವುದಕ್ಕೆ ಧಾರಾಳವಾಗಿ ಸಾಕು. ಆದರೆ ಎರಡು ಕಡೆಯಿಂದ ಒಂದೇ ಡಿಬಿಎಫ್ (ದತ್ತಾಂಶ ಇರುವ ಫೈಲ್) ತೆರೆದು ದಿನನಿತ್ಯದ ಲೆಕ್ಕ ಬರೆಯುವ ಕೆಲಸಕ್ಕೆ ನಾನು ಅದನ್ನು ನಂಬುವುದಿಲ್ಲ. ಅಂಥ ಕೆಲಸಕ್ಕೆ ವಿಡಾಸ್ ಎಂಬ ಇನ್ನೊಂದು ಅನುಕರಣೆ ಪ್ರೋಗ್ರಾಂ ಇದೆ, ಇಲ್ಲವೇ ವರ್ಚುವಲ್ ಮೆಷಿನ್ನಿನಲ್ಲಿ (ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕೃತಕ ಕಂಪ್ಯೂಟರ್) ಉಚಿತ ಡಾಸ್ ಆದ ಫ್ರೀಡಾಸ್ ಹಾಕಿಕೊಳ್ಳಬಹುದು. ಫ್ರೀಡಾಸ್ 1994ರಲ್ಲಿ ಶುರುವಾದ ಯೋಜನೆ, 2022ರಲ್ಲೂ 1.3 ಆವೃತ್ತಿ ಬಂದಿದೆ, ಸತ್ತ ವಸ್ತುವಲ್ಲ.

ಪ್ರತಿ ತೆಗೆಯುವಾಗ ಬರೀ .ಡಿಬಿಎಫ್ ಎತ್ತಿಕೊಂಡು ಬರಬೇಡಿ. .ಸಿಡಿಎಕ್ಸ್, .ಐಡಿಎಕ್ಸ್ ಸೂಚಿ ಫೈಲುಗಳು ಹೋದರೆ ಮತ್ತೆ ಕಟ್ಟಬಹುದು. .ಎಫ್‌ಪಿಟಿ ಹೋದರೆ ಮೆಮೊ ಕಾಲಮ್ಮಿನಲ್ಲಿ ಬರೆದ ಟಿಪ್ಪಣಿಗಳೆಲ್ಲ ಹೋದ ಹಾಗೆ, ಮತ್ತೆ ಬರುವುದಿಲ್ಲ. .ಪಿಆರ್‌ಜಿ ಫೈಲುಗಳೂ ಇದ್ದರೆ ನಿಮ್ಮ ಪುಣ್ಯ, ಅದು ಪ್ರೋಗ್ರಾಂನ ಮೂಲ ಬರಹ.

ಬ್ಯಾಚ್_ಫೈಲ್
ಇಮೇಜ್ ತೆಗೆಯುವುದು ಮೊದಲು, ಇದರಲ್ಲಿ ಎರಡು ಮಾತಿಲ್ಲ. ಆದರೆ 486 ಬಿಟ್ಟುಬಿಡಿ ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಬಂದ ಪಟ್ಟಿ ಸರಿಯಿದೆಯೇ ಅಂತ ತಾಳೆ ನೋಡಲು ಮೂಲ ಯಂತ್ರ ಒಮ್ಮೆಯಾದರೂ ಓಡಬೇಕು. ಆಸ್ತಿ ಪಾಲಿನ ವಿಷಯ ಬೇರೆ ಇದೆ, ಅಂದಾಜಿನ ಲೆಕ್ಕ ಕೊಡಲಾಗದು.

ಇಮೇಜ್ ಆದ ಮೇಲೆ ಹೀಗೆ ಮಾಡಿ:

ಸಿ:\>ಕಾಪಿ ಆಟೋಎಕ್ಸೆಕ್.ಓಎಲ್‌ಡಿ ಆಟೋಎಕ್ಸೆಕ್.ಬ್ಯಾಟ್

ಹೆಸರು ಬದಲಾಯಿಸಬೇಡಿ, ಪ್ರತಿ ಮಾಡಿ. ಹಳೆಯದು ಹಾಗೇ ಇರಲಿ. ರೀಸ್ಟಾರ್ಟ್ ಮಾಡಿದರೆ ಪಟ್ಟಿ ಬರಬೇಕು.

1.ಬ್ಯಾಟ್‌ನ ಎರಡನೇ ಸಾಲು ಗಮನಿಸಿ. ಫಾಕ್ಸ್‌ಪ್ರೊ ಇರುವುದು ಸಿ:\ಫಾಕ್ಸ್‌ನಲ್ಲಿ, ಪಾತ್‌ನಲ್ಲಿ ಅದು ಇರುವುದರಿಂದ ಎಲ್ಲಿಂದ ಕರೆದರೂ ಸಿಗುತ್ತದೆ. ಹಾಗಿದ್ದೂ ಬರೆದವರು ಮೊದಲು ಸಿಡಿ \ಅಡಿಕೆ ಅಂತ ಯಾಕೆ ಹಾಕಿದರು? ಪಾತ್ ಹುಡುಕಿಕೊಡುವುದು ಪ್ರೋಗ್ರಾಂ ಅನ್ನು ಮಾತ್ರ, ಅದರ ದತ್ತಾಂಶವನ್ನಲ್ಲ. ಪ್ರೋಗ್ರಾಂ ತನ್ನ ಡಿಬಿಎಫ್‌ಗಳನ್ನು ನೀವು ನಿಂತ ಡೈರೆಕ್ಟರಿಯಲ್ಲಿ ಹುಡುಕುತ್ತದೆ. ‘ಪ್ರೋಗ್ರಾಂ ಓಪನ್ ಆಗುತ್ತೆ, ಆದರೆ ಫೈಲ್ ಇಲ್ಲ ಅನ್ನುತ್ತೆ’ ಎಂದು ಹೇಳಿಕೊಂಡು ಬರುವವರಲ್ಲಿ ಮುಕ್ಕಾಲು ಮಂದಿ ತಪ್ಪು ಜಾಗದಲ್ಲಿ ನಿಂತು ಸರಿಯಾದ ಹೆಸರು ಟೈಪ್ ಮಾಡಿರುತ್ತಾರೆ.

ಕೊನೆಯ ಸಾಲು ಮೆನುವಿಗೆ ಮರಳುತ್ತದೆ. ಒಂದು ಬ್ಯಾಚ್ ಫೈಲಿನಿಂದ ಇನ್ನೊಂದನ್ನು ಬರೀ ಹೆಸರಿನಿಂದ ಕರೆದರೆ ಡಾಸ್ ಮೊದಲನೆಯದಕ್ಕೆ ವಾಪಸ್ ಬರುವುದಿಲ್ಲ. ವಾಪಸ್ ಬರಬೇಕಿದ್ದರೆ ಮುಂದೆ ಕಾಲ್ ಅಂತ ಹಾಕಬೇಕು. ಇಲ್ಲಿ ಬರುವ ಅಗತ್ಯವಿಲ್ಲ, ಅದಕ್ಕೇ ಹಾಕಿಲ್ಲ. ಐದು ಸಾಲಿನಲ್ಲಿ ಒಂದೂ ಹೆಚ್ಚಿನದಿಲ್ಲ, ನೋಡಿ.

ಬೆಂಗಳೂರು_ರೆಟ್ರೊ
ವಿಷಯಕ್ಕೆ ಸ್ವಲ್ಪ ಪಕ್ಕದ ಮಾತು. ಈ .ಕಾಮ್ ಮತ್ತು ಎ, ಬಿ, ಸಿ ಡ್ರೈವ್ ಅಕ್ಷರಗಳು ಡಾಸ್‌ಗಿಂತ ಹಳೆಯವು, ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂನಿಂದ ಬಂದವು. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನ ಟಿಮ್ ಪ್ಯಾಟರ್ಸನ್ 1980ರಲ್ಲಿ ಅದೇ ಧಾಟಿಯಲ್ಲಿ ಬರೆದದ್ದನ್ನು ಮೈಕ್ರೋಸಾಫ್ಟ್ 1981ರಲ್ಲಿ ಕೊಂಡು ಐಬಿಎಂ ಪಿಸಿಗೆ ಕೊಟ್ಟಿತು. ಡೈರೆಕ್ಟರಿ ಅನ್ನುವುದು ಬಂದದ್ದು 1983ರ 2.0 ಆವೃತ್ತಿಯಲ್ಲಿ. ಅದಕ್ಕೂ ಮೊದಲು ಸಿಡಿ ಕಮಾಂಡಿಗೆ ಕೆಲಸವೇ ಇರಲಿಲ್ಲ.

ಉಪಯೋಗಕ್ಕೆ ಬರುವ ಒಂದು ಸಂಗತಿ: ಹೆಸರು ಕೆಟ್ಟುಹೋದ ಫೈಲ್ ಸಿಕ್ಕಿ, ಅದು ಪ್ರೋಗ್ರಾಮೋ ಅಲ್ಲವೋ ಗೊತ್ತಾಗದಿದ್ದರೆ ಟೈಪ್ ಕಮಾಂಡಿನಿಂದ ತೆರೆದು ನೋಡಿ. ಮೊದಲ ಎರಡು ಅಕ್ಷರ ಎಂ, ಝಡ್ ಆಗಿದ್ದರೆ ಅದು ಇಎಕ್ಸ್‌ಇ. ಮೈಕ್ರೋಸಾಫ್ಟಿನ ಮಾರ್ಕ್ ಝ್ಬಿಕೋವ್ಸ್ಕಿ ಅವರ ಹೆಸರಿನ ಮೊದಲಕ್ಷರಗಳು ಅವು, ಇವತ್ತಿನ ವಿಂಡೋಸ್ ಪ್ರೋಗ್ರಾಂಗಳ ತಲೆಯಲ್ಲೂ ಹಾಗೇ ಇವೆ.

ನಾನು ಮೊದಲು ಕಮಾಂಡ್ ಟೈಪ್ ಮಾಡಿದ್ದು ಡಾಸ್‌ನಲ್ಲಲ್ಲ, ಶಾಲೆಯ ಬಿಬಿಸಿ ಮೈಕ್ರೊ ಎಂಬ ಬ್ರಿಟಿಷ್ ಕಂಪ್ಯೂಟರಿನಲ್ಲಿ. 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಆ ಯಂತ್ರಗಳು ಬಂದಿದ್ದವು. ಅದರಲ್ಲಿ ನಕ್ಷತ್ರ ಚಿಹ್ನೆ ಹಾಕಿ ಕ್ಯಾಟ್ ಎಂದು ಹೊಡೆದರೆ ಡಿಸ್ಕಿನ ಪಟ್ಟಿ, ಚೈನ್ ಎಂದು ಉದ್ಧರಣ ಚಿಹ್ನೆಯೊಳಗೆ ಹೆಸರು ಕೊಟ್ಟರೆ ಪ್ರೋಗ್ರಾಂ ಶುರು. ಶಿಫ್ಟ್ ಹಿಡಿದು ಬ್ರೇಕ್ ಒತ್ತಿದರೆ ಡಿಸ್ಕಿನಲ್ಲಿರುವ ಬೂಟ್ ಫೈಲ್ ತಾನೇ ಓಡುತ್ತಿತ್ತು, ನಿಮ್ಮ ಆಟೋಎಕ್ಸೆಕ್‌ನ ಕೆಲಸವೇ.

ಶಿರಸಿ_ವಖಾರಿ
ಹಾರ್ಡ್‌ವೇರ್ ಅಣ್ಣ ಹೇಳಿದ ಹಾಗೆ ಅಂಕಿ ಬರೆದುಕೊಂಡು, ಡಿಸ್ಕ್ ಬಿಚ್ಚಿ ಇಮೇಜ್ ತೆಗೆಸಿ ಎರಡು ಕಡೆ ಇಟ್ಟಿದ್ದೇನೆ. ಬ್ಯಾಟರಿ ಸೋರಿಲ್ಲ. ಮತ್ತೆ ಜೋಡಿಸಿ ಕಾಪಿ ಕಮಾಂಡ್ ಕೊಟ್ಟು ರೀಸ್ಟಾರ್ಟ್ ಮಾಡಿದರೆ ಪಟ್ಟಿ ಬಂತು! ಚಿಕ್ಕಪ್ಪ ಪರದೆ ಮುಟ್ಟಿ ನೋಡಿದರು.

ಆದರೆ 1 ಒತ್ತಿದರೆ ಫಾಕ್ಸ್‌ಪ್ರೊ ತೆರೆದು ‘ಟೂ ಮೆನಿ ಫೈಲ್ಸ್ ಓಪನ್’ ಅಂತ ನಿಲ್ಲುತ್ತಿದೆ. ವಿಚಾರಿಸಿದಾಗ ಗೊತ್ತಾಯಿತು, ಬಹಳ ಹಿಂದೆ ಒಬ್ಬರು ಬಂದು ಮೌಸ್ ಹಾಕಲು ನೋಡಿ ಅರ್ಧಕ್ಕೇ ಬಿಟ್ಟು ಹೋಗಿದ್ದರಂತೆ.

ಧಾರವಾಡ_ಮಾಸ್ತರ
ಹಂಗಾದ್ರ ಡಾಸ್ ಶುರುವಾಗುವಾಗ ಓದೋ ಸೆಟ್ಟಿಂಗಿನ ಕಾನ್ಫಿಗ್.ಸಿಸ್ ಫೈಲಿಗೂ ಅದೇ ಗತಿ ಆಗಿರಬೇಕು. ಡಿಐಆರ್ ಕಾನ್ಫಿಗ್.* ಅಂತ ಹೊಡದು ನೋಡು, ಅದೂ ಓಎಲ್‌ಡಿ ಆಗಿ ಕುಂತಿರ್ತದ. ಅದರಾಗ ಫೈಲ್ಸ್ ಅನ್ನೋ ಒಂದು ಸಾಲು ಇರ್ತದ. ಆ ಸಾಲು ಇಲ್ಲದಿದ್ದರ ಡಾಸ್ ಒಮ್ಮೆಗೆ 8 ಫೈಲ್ ತೆರಿಯೂದಕ್ಕಷ್ಟ ಜಾಗ ಇಟಗೊಂಡಿರ್ತದ, ಅದರಾಗ ಕೆಲವನ್ನ ಡಾಸೇ ಕೀಬೋರ್ಡು, ಪರದೆ, ಪ್ರಿಂಟರು ಅಂತ ಹಿಡಕೊಂಡಿರ್ತದ. ಫಾಕ್ಸ್‌ಪ್ರೊ ಖಾತೆ, ಸೂಚಿ, ಮೆಮೊ ಅಂತ ಒಂದೊಂದಾಗಿ ತೆಗೀತಾ ಹೋದ್ರ ಎಲ್ಲಿಗೆ ಸಾಕಾಗ್ತದ? ಹಳೇ ಕಾನ್ಫಿಗ್ ಫೈಲನ್ನೂ ಮೊದಲಿನಂಗ ಕಾಪಿ ಮಾಡಿ ರೀಸ್ಟಾರ್ಟ್ ಮಾಡು. ಕಾನ್ಫಿಗ್ ಸಿಗದಿದ್ದರ ಹೇಳು, ಹೊಸಾದು ಬರಸ್ತೇನಿ.

ಒಂದು ವ್ಯಾಳ್ಯಾ ಹಳೇ ಸಾಲಿನಿಂದ ಯಂತ್ರ ನಡುವೇ ನಿಂತ್ರ ಗಾಬರಿ ಆಗಬ್ಯಾಡ. ‘ಸ್ಟಾರ್ಟಿಂಗ್ ಎಂಎಸ್-ಡಾಸ್’ ಅಂತ ಬಂದಾಗ ಎಫ್8 ಒತ್ತಿದರ ಒಂದೊಂದು ಸಾಲಿಗೂ ನಡೆಸ್ಲೋ ಬ್ಯಾಡೋ ಅಂತ ಕೇಳ್ತದ.

ಶಿರಸಿ_ವಖಾರಿ
ಸಿಕ್ಕಿತು ಮಾಸ್ತರೇ, ಫೈಲ್ಸ್=60 ಅಂತ ಇತ್ತು. ಈಗ ಖಾತೆ ತೆರೆಯುತ್ತಿದೆ. ಹೆಸರು, ಊರು, ರಾಶಿ, ಚಾಲಿ, ಕೆಂಪುಗೋಟು ಎಂಬ ಅಡಿಕೆಯ ಬಗೆ, ತೂಕ, ದರ ಎಲ್ಲ ಇದೆ. ಇನ್ನೊಂದೇ ತೊಡಕು. ಇದರಲ್ಲಿ ಒಬ್ಬ ರೈತರ ಇಡೀ ವರ್ಷದ ಪಟ್ಟಿ ತೆಗೆಯುವ ಆಯ್ಕೆ ಪ್ರಿಂಟರಿಗೆ ಮಾತ್ರ ಕಳಿಸುತ್ತದೆ. ನಮ್ಮ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ತಲೆ ಹೋಗಿದೆ. ಪರದೆ ನೋಡಿ ಕೈಯಲ್ಲಿ ಬರೆದುಕೊಳ್ಳಬೇಕಾ?

ಲೆಕ್ಕದ_ಮೇಡಂ
ಬೇಡ, ಕೈಯಲ್ಲಿ ಬರೆದರೆ ಒಂದು ಅಂಕಿ ಆಚೀಚೆ ಆದರೂ ಕಷ್ಟ. ಮೆನುವಿನಿಂದ ಹೊರಗೆ ಬಂದು ಸಿಡಿ \ಅಡಿಕೆ ಕೊಟ್ಟು, ಬರೀ ಫಾಕ್ಸ್‌ಪ್ರೊ ಎಂದು ಟೈಪ್ ಮಾಡಿ. ಮುಂದೆ ಖಾತೆ ಎಂಬ ಹೆಸರು ಬೇಡ. ಆಗ ಪ್ರೋಗ್ರಾಂ ಓಡುವುದಿಲ್ಲ, ಫಾಕ್ಸ್‌ಪ್ರೊದ ಕಮಾಂಡ್ ಕಿಟಕಿ ತೆರೆಯುತ್ತದೆ. ಅಲ್ಲೂ ಟೈಪ್ ಮಾಡಿಯೇ ಕೆಲಸ. ನಿಮ್ಮ ಡಿಬಿಎಫ್ ಹೆಸರು ವಹಿವಾಟು ಅಂತ ಇಟ್ಟುಕೊಂಡು ಬರೆಯುತ್ತೇನೆ:

ಯೂಸ್ ವಹಿವಾಟು ನೋಅಪ್‌ಡೇಟ್
ಡಿಸ್‌ಪ್ಲೇ ಸ್ಟ್ರಕ್ಚರ್
ಸೆಟ್ ಡೇಟ್ ಬ್ರಿಟಿಷ್
ಸೆಟ್ ಡಿಲೀಟೆಡ್ ಆನ್

ಮೊದಲ ಸಾಲಿನ ನೋಅಪ್‌ಡೇಟ್ ಬಿಡಲೇಬೇಡಿ. ಫಾಕ್ಸ್‌ಪ್ರೊದಲ್ಲಿ ಬ್ರೌಸ್ ಮಾಡುವಾಗ ಕೈ ತಾಗಿ ಒಂದು ಅಂಕಿ ಬದಲಾದರೆ ಅದು ಸೇವ್ ಮಾಡಲೇ ಅಂತ ಕೇಳುವುದಿಲ್ಲ, ನೇರ ಫೈಲಿಗೇ ಬರೆದುಬಿಡುತ್ತದೆ. ಎರಡನೆಯ ಸಾಲು ಕಾಲಮ್ಮುಗಳ ಹೆಸರು ಮತ್ತು ಮಾದರಿ ತೋರಿಸುತ್ತದೆ. ಮೂರನೆಯದು ದಿನಾಂಕವನ್ನು ನಮ್ಮ ಕ್ರಮಕ್ಕೆ ತರುತ್ತದೆ. ನಾಲ್ಕನೆಯದು ಅಳಿಸಿದ ಗುರುತಿರುವ ಸಾಲುಗಳನ್ನು ಪಟ್ಟಿಯಿಂದ ಹೊರಗಿಡುತ್ತದೆ. ಫಾಕ್ಸ್‌ಪ್ರೊದಲ್ಲಿ ಅಳಿಸಿದ್ದು ಪ್ಯಾಕ್ ಮಾಡುವವರೆಗೆ ಫೈಲಿನಲ್ಲೇ ಇರುತ್ತದೆ, ಅದು ಲೆಕ್ಕಕ್ಕೆ ಸೇರಬಾರದು.

ಆಮೇಲೆ ಈ ಒಂದೇ ಉದ್ದದ ಸಾಲು:

ಲಿಸ್ಟ್ ಫಾರ್ ಖಾತೆನಂ=ನಂಬರ್ .ಆಂಡ್. ದಿನಾಂಕ>=ಸಿಟಿಓಡಿ("01/04/97") .ಆಂಡ್. ದಿನಾಂಕ<=ಸಿಟಿಓಡಿ("31/03/98") ಟು ಫೈಲ್ ಪಟ್ಟಿ.ಟಿಎಕ್ಸ್‌ಟಿ

ಖಾತೆ ನಂಬರಿನ ಕಾಲಮ್ ಅಕ್ಷರದ ಮಾದರಿಯಲ್ಲಿದ್ದರೆ ನಂಬರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಅಂಕಿಯ ಮಾದರಿಯಲ್ಲಿದ್ದರೆ ಬೇಡ. ಪಟ್ಟಿ ಪಠ್ಯದ ಫೈಲಾಗಿ ಅಡಿಕೆ ಡೈರೆಕ್ಟರಿಯಲ್ಲೇ ಬೀಳುತ್ತದೆ. ಫ್ಲಾಪಿ ನಡೆಯುತ್ತಿದ್ದರೆ ಅದಕ್ಕೆ ಕಾಪಿ ಮಾಡಿಕೊಳ್ಳಿ.

ತಾಳೆ ನೋಡಲು ಇನ್ನೊಂದು ದಾರಿ: ಇಮೇಜ್‌ನಿಂದ ತೆಗೆದ ಡಿಬಿಎಫ್ ಅನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು ಅದೇ ಖಾತೆ, ಅದೇ ದಿನಾಂಕಗಳನ್ನು ಸೋಸಿ, ತೂಕದ ಮೊತ್ತ ಹಾಕಿ. ಎರಡೂ ಕಡೆ ಒಂದೇ ಬರಬೇಕು.

ಹೊರನಾಡಿನ_ಕನ್ನಡಿಗ
ಮೇಡಂ ಕೊಟ್ಟ ಸಾಲುಗಳನ್ನು ನನ್ನ ಡಾಸ್‌ಬಾಕ್ಸ್‌ನಲ್ಲಿ ಒಂದು ಚಿಕ್ಕ ಡಿಬಿಎಫ್ ಮಾಡಿ ಓಡಿಸಿ ನೋಡಿದೆ, ಪಟ್ಟಿ ಸರಿಯಾಗಿ ಬಂತು. ಮೂಲ ಯಂತ್ರದಲ್ಲಿ ಒಮ್ಮೆ ತಾಳೆ ನೋಡಬೇಕು ಅನ್ನುವ ಬ್ಯಾಚ್_ಫೈಲ್ ಅವರ ಮಾತನ್ನೂ ಈಗ ಒಪ್ಪುತ್ತೇನೆ.

ಶಿರಸಿ_ವಖಾರಿ
ಪಟ್ಟಿ ಬಂತು. ಲ್ಯಾಪ್‌ಟಾಪಿನಲ್ಲಿ ತೆರೆದ ಡಿಬಿಎಫ್ ಜೊತೆ ತಾಳೆ ನೋಡಿದೆವು, ತೂಕ, ಮೊತ್ತ, ದಲಾಲಿ ಎಲ್ಲ ಹೊಂದಿದೆ. ನಾಳೆ ಅವರ ಮನೆಯವರಿಗೆ ಪ್ರಿಂಟ್ ತೆಗೆದು ಚಿಕ್ಕಪ್ಪ ಸಹಿ ಹಾಕಿ ಕೊಡುತ್ತಾರೆ. ನಿಮ್ಮೆಲ್ಲರ ಉಪಕಾರ ಮರೆಯುವುದಿಲ್ಲ. ಈ ಕಮಾಂಡ್ ಕಿಟಕಿಯಿಂದ ಹೊರಗೆ ಬರುವುದು ಹೇಗೆ? ಹಾಗೇ ಸ್ವಿಚ್ ಆಫ್ ಮಾಡಬಹುದಾ?

ಲೆಕ್ಕದ_ಮೇಡಂ
ಹಾಗೆ ಆಫ್ ಮಾಡಬೇಡಿ. ಕ್ವಿಟ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ತೆರೆದ ಫೈಲುಗಳನ್ನೆಲ್ಲ ಮುಚ್ಚಿ ಅದೇ ಸಿ:\ಅಡಿಕೆ> ಪ್ರಾಂಪ್ಟಿಗೆ ಬರುತ್ತದೆ. ಡಿಸ್ಕಿನ ದೀಪ ಆರಿದ ಮೇಲೆ ಸ್ವಿಚ್ ಆಫ್ ಮಾಡಿ, ಡಾಸ್‌ಗೆ ಬೇರೆ ಶಟ್‌ಡೌನ್ ಇಲ್ಲ.